ಐದೂವರೆಯ ಮಿಸ್ಡ್ ಕಾಲ್

ಗುರುವಾರ ಬೆಳಗ್ಗೆ ಐದೂವರೆಗೆ ನನ್ನ ಫೋನು ಒಂದೇ ಸಲ ರಿಂಗ್ ಆಗಿ ನಿಲ್ಲುತ್ತದೆ. ಅದು ಅಕ್ಕ. ನಾನು ಎತ್ತುವುದಿಲ್ಲ, ಎತ್ತಬಾರದು ಅಂತಲೇ ಮಾತಾಗಿದೆ. ಆಮೇಲೆ ನಾನು ನಂಜನಗೂಡಿಗೆ ಒಂದು ರಿಂಗ್ ಕೊಡುತ್ತೇನೆ. ನಂಜನಗೂಡು ಮಡಿಕೇರಿಗೆ ಕೊಡುತ್ತಾಳೆ. ಮಡಿಕೇರಿ ತಿರುಗಿ ಅಕ್ಕನಿಗೆ ಕೊಡುತ್ತಾಳೆ. ಈ ಸುತ್ತು ಮುಗಿಯಿತು ಅಂದರೆ ನಾವು ನಾಲ್ಕೂ ಜನ ಎದ್ದಿದ್ದೇವೆ, ಹೊರಡುತ್ತಿದ್ದೇವೆ ಅಂತ ಲೆಕ್ಕ. ಆರೂಕಾಲಿಗೆ ಕುಕ್ಕರಹಳ್ಳಿ ಕೆರೆಯ ಗೇಟಿನ ಹತ್ತಿರ ಸೇರುತ್ತೇವೆ.

ನಂಜನಗೂಡು, ಮಡಿಕೇರಿ ಅಂದರೆ ಇಲ್ಲಿ ಊರುಗಳಲ್ಲ, ನನ್ನ ಗೆಳತಿಯರು. ನಾವೆಲ್ಲ ಮೈಸೂರಿನ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವರು. ಬೋರ್ಡಿನ ಮುಂದೆ ಯಾರು ಯಾವ ಊರಿನ ಲೈನ್ ಜಾಸ್ತಿ ನೋಡುತ್ತಿದ್ದರೋ ಅವರಿಗೆ ಆ ಊರಿನ ಹೆಸರೇ ನಿಂತುಬಿಟ್ಟಿತು. ಹಾಸನ ಇದ್ದಳು, ಮಡಿಕೇರಿ ಇದ್ದಳು. ನನ್ನನ್ನು ಮಂಡ್ಯ ಎನ್ನುತ್ತಿದ್ದರು, ಈಗಲೂ ಎನ್ನುತ್ತಾರೆ. ನಂಜನಗೂಡು ಮಾತ್ರ ನಿಜಕ್ಕೂ ಅಲ್ಲಿಯವಳು. ಮೀಟರ್ ಗೇಜ್ ರೈಲಿನಲ್ಲಿ ದಿನಾ ಓಡಾಡಿ ಕೆಲಸ ಮಾಡಿದವಳು. ಅಕ್ಕ ನಮಗಿಂತ ಹತ್ತು ವರ್ಷ ಮೊದಲೇ ಸೇರಿದ್ದರು, ನಮ್ಮೆಲ್ಲರಿಗೂ ಕೆಲಸ ಕಲಿಸಿದವರು. ಅವರಿಗೆ ಊರಿನ ಹೆಸರಿಲ್ಲ. ಅವರು ಬರೀ ಅಕ್ಕ.

ನಾನು ಕೆಲಸಕ್ಕೆ ಸೇರಿದ್ದು 1980ರಲ್ಲಿ. ಆಗಿನ್ನೂ ಅಂಚೆ, ತಂತಿ, ಟೆಲಿಫೋನ್ ಎಲ್ಲ ಒಂದೇ ಇಲಾಖೆ. 1985ರಲ್ಲಿ ಬೇರೆಯಾಯಿತು, 2000ದಲ್ಲಿ ಬಿಎಸ್‌ಎನ್‌ಎಲ್ ಆಯಿತು. ಈಗಿನ ಮಕ್ಕಳಿಗೆ ಟ್ರಂಕ್ ಕಾಲ್ ಅಂದರೆ ಏನು ಅಂತ ಹೇಳುವುದೇ ಕಷ್ಟ. ಬೇರೆ ಊರಿಗೆ ಮಾತಾಡಬೇಕಾದರೆ ಮೊದಲು ನಮಗೆ ಫೋನ್ ಮಾಡಿ ಬುಕ್ ಮಾಡಬೇಕಿತ್ತು. ನಾವು ಟಿಕೆಟ್ ಬರೆದುಕೊಂಡು, ಲೈನ್ ಸಿಕ್ಕಾಗ ಕರೆದು ಜೋಡಿಸುತ್ತಿದ್ದೆವು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಮೂರು ಥರ. ಆ ಊರಿನಲ್ಲಿ ಇಂಥವರೇ ಬಂದು ಮಾತಾಡಬೇಕು ಅಂದರೆ ಪಿಪಿ ಕಾಲ್. ಮೂರು ನಿಮಿಷವಾದ ತಕ್ಷಣ ನಡುವೆ ಬಾಯಿ ಹಾಕಿ, "ಮೂರು ನಿಮಿಷ ಆಯ್ತು, ಎಕ್ಸ್‌ಟೆಂಡ್ ಮಾಡಲಾ?" ಅಂತ ಕೇಳಬೇಕು. ಆ ಕಡೆ ಯಾರೋ ಅಳುತ್ತಿದ್ದರೂ ಕೇಳಲೇಬೇಕು. ರಾತ್ರಿ ಪಾಳಿಯಲ್ಲಿ ಬರುತ್ತಿದ್ದ ಲೈಟ್ನಿಂಗ್ ಕಾಲುಗಳಲ್ಲಿ ಒಳ್ಳೆ ಸುದ್ದಿ ಬಹಳ ಕಮ್ಮಿ. ಅಂಥ ಕಾಲ್ ಜೋಡಿಸಿದ ಮೇಲೆ ಅಕ್ಕ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಪಕ್ಕದಲ್ಲಿಡುತ್ತಿದ್ದರು. ಏನೂ ಮಾತಾಡುತ್ತಿರಲಿಲ್ಲ.

ಈ ನಡಿಗೆ ಶುರು ಮಾಡಿದ್ದು ಅಕ್ಕ ಮತ್ತು ಹಾಸನ, 2014ರಲ್ಲಿ. ನಾನು 2018ರಲ್ಲಿ ರಿಟೈರ್ ಆದ ಮಾರನೇ ವಾರವೇ ಸೇರಿಕೊಂಡೆ. ದಿನ ಗೊತ್ತು ಮಾಡುವುದೇ ದೊಡ್ಡ ಕೆಲಸವಾಗಿತ್ತಂತೆ. ಸೋಮವಾರ ನಂಜುಂಡೇಶ್ವರನ ದಿನ. ಮಂಗಳವಾರ, ಶುಕ್ರವಾರ ಮನೆಯಲ್ಲಿ ಪೂಜೆ. ಬುಧವಾರ ಮೊಮ್ಮಕ್ಕಳು. ಶನಿವಾರ ಒಬ್ಬರಿಗೆ ಉಪವಾಸ. ಭಾನುವಾರ ಮನೆ ತುಂಬ ಜನ. ಉಳಿದದ್ದು ಗುರುವಾರ. ಬೇರೆ ದಿನ ಅವರವರ ಬೀದಿಯಲ್ಲಿ, ಪಾರ್ಕಿನಲ್ಲಿ ಅವರವರು ನಡೆಯುತ್ತೇವೆ. ಅದು ಡಾಕ್ಟರು ಹೇಳಿದ್ದಕ್ಕೆ. ಗುರುವಾರದ್ದು ನಮಗಾಗಿ.

ಮೊದಮೊದಲು ತಿಂಗಳಿಗೊಂದು ಗುರುವಾರ ಚಾಮುಂಡಿ ಬೆಟ್ಟ ಹತ್ತುತ್ತಿದ್ದೆವು. ಸಾವಿರ ಮೆಟ್ಟಿಲು. ಆಮೇಲೆ ಏಳುನೂರರ ಹತ್ತಿರ ಸಿಗುವ ನಂದಿಯವರೆಗೆ ಸಾಕು ಅಂದುಕೊಂಡೆವು. ಹತ್ತುವುದು ಕಷ್ಟವಲ್ಲ, ಇಳಿಯುವಾಗ ಮಂಡಿ ಹೇಳುತ್ತದೆ. 2019ರ ಚಳಿಗಾಲದಲ್ಲಿ ಬೆಟ್ಟ ನಿಲ್ಲಿಸಿದೆವು. ಅವತ್ತು ಮನೆಗೆ ಬಂದು ನಾನು ತುಂಬ ಬೇಜಾರು ಮಾಡಿಕೊಂಡೆ. ಈಗ ಆ ಬೇಜಾರು ಇಲ್ಲ. ಕೆರೆ ಏರಿಯ ಮೇಲೆ ನಿಂತರೆ ಬೆಟ್ಟ ಅಲ್ಲೇ ಎದುರಿಗೆ ಕಾಣುತ್ತದೆ. ಅಲ್ಲಿಂದಲೇ ತಾಯಿಗೆ ಕೈಮುಗಿಯುತ್ತೇವೆ.

ಕುಕ್ಕರಹಳ್ಳಿ ಕೆರೆ ಗೊತ್ತಿಲ್ಲದವರಿಗೆ ಎರಡು ಮಾತು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ ಇದು. ಈಗ ಮೈಸೂರು ವಿಶ್ವವಿದ್ಯಾನಿಲಯದ ಸುಪರ್ದಿಯಲ್ಲಿದೆ, ಮಾನಸಗಂಗೋತ್ರಿಯ ಮಗ್ಗುಲಲ್ಲೇ. ಕುವೆಂಪು ಅವರು ನಡೆದಾಡುತ್ತಿದ್ದ ಜಾಗ. ಕೆರೆಯ ಸುತ್ತ ಮಣ್ಣಿನ ದಾರಿ ಇದೆ, ಅಲ್ಲಲ್ಲಿ ಕಲ್ಲುಬೆಂಚು. ನೀರಿನ ಮಧ್ಯದ ಮರಗಳ ಮೇಲೆ ಹೆಜ್ಜಾರ್ಲೆಗಳು ಕೂತಿರುತ್ತವೆ. ನೀರುಕಾಗೆಗಳು ರೆಕ್ಕೆ ಬಿಚ್ಚಿಕೊಂಡು ಒಣಗಿಸಿಕೊಳ್ಳುತ್ತವೆ. ಹಾವಕ್ಕಿ ಕತ್ತು ಮಾತ್ರ ಹೊರಗಿಟ್ಟು ಈಜುತ್ತದೆ. ಮೊದಲ ಸಲ ನೋಡಿದವರು ನೀರುಹಾವು ಅಂತಲೇ ತಿಳಿಯಬೇಕು. ಇವನ್ನೆಲ್ಲ ಗುರುತಿಸುವುದನ್ನು ಹಾಸನ ಕಲಿಸಿದಳು. ಮೂವತ್ತು ವರ್ಷ ಕಿವಿ ಮಾತ್ರ ಬಳಸಿದ್ದೆವು, ಇನ್ನು ಕಣ್ಣು ಬಳಸೋಣ ಬನ್ರೇ ಎನ್ನುತ್ತಿದ್ದಳು.

ಮುಂಚೆ ಒಂದು ಸುತ್ತು ಐವತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಈಗ ಒಂದೂಕಾಲು ಗಂಟೆ ಬೇಕು. ಕೆಲವು ವಾರ ಅರ್ಧ ಸುತ್ತಿಗೇ ತಿರುಗುತ್ತೇವೆ. ಈ ನಿಧಾನ ನಮಗೆ ಸುಮ್ಮನೆ ಬರಲಿಲ್ಲ. ಅದಕ್ಕೆ ಒಂದು ಜಗಳವೇ ಆಗಬೇಕಾಯಿತು.

ಮಡಿಕೇರಿಗೆ ಕಾಲು ಚುರುಕು. ಅವಳು, ಹಾಸನ ಮುಂದೆ ಹೋಗಿ ಬೆಂಚಿನ ಮೇಲೆ ಕೂತು ನಮಗೆ ಕಾಯುತ್ತಿದ್ದರು. ಅಕ್ಕ, ನಂಜನಗೂಡು ಏದುಸಿರು ಬಿಡುತ್ತ ಬೆಂಚಿನ ಹತ್ತಿರ ಬರುವ ಹೊತ್ತಿಗೆ ಅವರಿಬ್ಬರಿಗೂ ದಣಿವು ಆರಿರುತ್ತಿತ್ತು, ಎದ್ದುಬಿಡುತ್ತಿದ್ದರು. ಅಂದರೆ ನೋಡಿ, ಜೋರಾಗಿ ನಡೆಯುವವರಿಗೆ ಪ್ರತಿ ಬೆಂಚಿನಲ್ಲೂ ಐದು ನಿಮಿಷ ವಿಶ್ರಾಂತಿ. ನಿಜವಾಗಿ ಬೇಕಾದವರಿಗೆ ಒಂದು ನಿಮಿಷವೂ ಇಲ್ಲ. ವರ್ಷಗಟ್ಟಲೆ ಹೀಗೇ ನಡೆದಿದ್ದೇವೆ, ಯಾರ ತಲೆಗೂ ಹೋಗಿರಲಿಲ್ಲ. ಒಂದು ದಿನ ನಂಜನಗೂಡು ಎದ್ದೇಳದೆ ಕೂತೇ ಬಿಟ್ಟಳು. "ನೀವು ಹೋಗ್ರೇ, ನಾನು ಇಲ್ಲಿಂದಲೇ ವಾಪಸ್ ಹೋಗ್ತೀನಿ" ಅಂದಳು. ದನಿ ನಡುಗುತ್ತಿತ್ತು. ಮಡಿಕೇರಿಗೆ ಸಿಟ್ಟು ಬಂತು, ನನ್ನಿಂದ ಎಲ್ಲರಿಗೂ ತೊಂದರೆ ಅನ್ನೋ ಹಾಗಿದ್ದರೆ ನಾನೇ ಬರಲ್ಲ ಅಂದಳು. ಎರಡು ತಿಂಗಳು ಬರಲೇ ಇಲ್ಲ.

ಅಕ್ಕನೇ ಅವಳ ಮನೆಗೆ ಹೋಗಿ ಕರೆದುಕೊಂಡು ಬಂದರು. ಏನು ಹೇಳಿದರೋ ಗೊತ್ತಿಲ್ಲ. ಅವತ್ತಿನಿಂದ ನಮ್ಮದೊಂದು ಕಟ್ಟುಪಾಡು: ನಿಧಾನ ನಡೆಯುವವರು ಮುಂದೆ, ಉಳಿದವರು ಅವರ ಹಿಂದೆ. ಬೆಂಚಿನಿಂದ ಮೊದಲು ಏಳುವುದು ಕೊನೆಗೆ ಕೂತವರು. ಮುಂದೆ ಇರುವವರಿಗೆ ಅವಸರವಿಲ್ಲ, ಹಿಂದೆ ಇರುವವರಿಗೆ ಕಾಯುವ ಕಷ್ಟವಿಲ್ಲ. ಹಿರಿಯರ ಜೊತೆ ನಡೆಯುವ ಯಾರಿಗಾದರೂ ನಾನು ಇದನ್ನು ಹೇಳುತ್ತೇನೆ. ಕಳೆದ ವರ್ಷ ಮಡಿಕೇರಿಗೇ ಮಂಡಿ ಆಪರೇಷನ್ ಆಯಿತು. ಮೂರು ತಿಂಗಳಾದ ಮೇಲೆ ಕೋಲು ಹಿಡಿದು ಬಂದವಳನ್ನು ನಂಜನಗೂಡು ಕೈಹಿಡಿದು ಎಲ್ಲರಿಗಿಂತ ಮುಂದೆ ನಿಲ್ಲಿಸಿದಳು. ಇಬ್ಬರೂ ಅತ್ತರು. ನಾನೂ ಅತ್ತೆ.

ಅಕ್ಕನಿಗೆ ಈಗ 75. ಕಿವಿ ಮಂದವಾಗಿದೆ. ಆಗ ನಮ್ಮ ಹೆಡ್‌ಸೆಟ್‌ಗೆ ಒಂದೇ ಕಿವಿಗೆ ರಿಸೀವರ್ ಇರುತ್ತಿತ್ತು, ಮಾತಾಡುವ ಕೊಳವೆ ಎದೆಯ ಮೇಲೆ. ಅಕ್ಕ ಯಾವಾಗಲೂ ಎಡಗಿವಿಗೇ ಹಾಕುತ್ತಿದ್ದರು. ಅದೇ ಕಿವಿ ಮೊದಲು ಹೋಯಿತು. ಈಗ ಬಲಗಿವಿಗೆ ಮಿಷನ್ ಇದೆ, ಹುರಳಿಕಾಯಿಯ ಬೀಜದಷ್ಟು ದಪ್ಪದ್ದು, ಕಿವಿಯ ಹಿಂದೆ ಕೂರುತ್ತದೆ. ಅದಕ್ಕೆ ನಾವು ಅವರ ಬಲಕ್ಕೇ ನಡೆಯುತ್ತೇವೆ. ಗಾಳಿ ಬೀಸಿದರೆ ಮಿಷನ್ ಒಳಗೆ ಗೊರ್ ಎನ್ನುತ್ತದಂತೆ. ಹಾಗಾಗಿ ಗಾಳಿ ಬರುವ ಕಡೆಗೆ ಒಬ್ಬರು ಅಡ್ಡ ಇರುತ್ತೇವೆ.

ಒಮ್ಮೊಮ್ಮೆ ನಡುದಾರಿಯಲ್ಲಿ ಬ್ಯಾಟರಿ ಮುಗಿಯುತ್ತದೆ. ಅಕ್ಕ ನಿಂತು ಪರ್ಸಿನಿಂದ ಬ್ಯಾಟರಿಗಳ ಚಕ್ರದಂಥ ಪ್ಯಾಕೆಟ್ಟು ತೆಗೆಯುತ್ತಾರೆ. ಅವರ ಬೆರಳಿಗೆ ಬ್ಯಾಟರಿ ಹಿಡಿತಕ್ಕೆ ಸಿಗುವುದಿಲ್ಲ, ನಾನು ತೆಗೆದುಕೊಡುತ್ತೇನೆ. ಮಾತ್ರೆಯಷ್ಟು ಸಣ್ಣ ಬ್ಯಾಟರಿ, ಬೆನ್ನಿಗೆ ಕಿತ್ತಳೆ ಬಣ್ಣದ ಅಂಟುಚೀಟಿ. ಚೀಟಿ ಕಿತ್ತ ತಕ್ಷಣ ಮಿಷನ್‌ಗೆ ಹಾಕಬಾರದು. ಅದರ ಸಣ್ಣ ತೂತುಗಳೊಳಗೆ ಗಾಳಿ ಹೋಗಬೇಕು, ಆಗಲೇ ಅದಕ್ಕೆ ಶಕ್ತಿ. ಒಂದು ನಿಮಿಷ ಅಂಗೈಯಲ್ಲಿ ಇಟ್ಟುಕೊಂಡು ಕಾಯಬೇಕು. ಆ ಒಂದು ನಿಮಿಷ ನಾವ್ಯಾರೂ ಮಾತಾಡುವುದಿಲ್ಲ. ಅಕ್ಕನಿಗೆ ಕೇಳಿಸದಿದ್ದಾಗ ನಮಗೂ ಮಾತು ಬೇಡ. ಚಾಮರಾಜನಗರದ ಕಡೆಯ ರೈಲಿನ ಸದ್ದು, ಹೆಜ್ಜಾರ್ಲೆ ನೀರಿಗೆ ಇಳಿಯುವ ಸದ್ದು, ಅಷ್ಟೇ. ಆಮೇಲೆ ಅಕ್ಕ ಮಿಷನ್ ಸಿಕ್ಕಿಸಿಕೊಂಡು, ತಲೆ ಎತ್ತಿ, "ಹಾಂ, ಲೈನ್ ಬಂತು" ಎನ್ನುತ್ತಾರೆ.

ಬೆಳಗಿನ ಮಿಸ್ಡ್ ಕಾಲ್ ಯಾಕೆ ಇಷ್ಟು ಗಟ್ಟಿಯಾಗಿ ಇಟ್ಟುಕೊಂಡಿದ್ದೇವೆ ಅಂತ ಹೇಳಬೇಕು. 2022ರ ಡಿಸೆಂಬರಿನ ಒಂದು ಗುರುವಾರ ನಾನು ನಂಜನಗೂಡಿಗೆ ರಿಂಗ್ ಕೊಟ್ಟೆ. ಐದೂಮುಕ್ಕಾಲಿಗೆ ಮಡಿಕೇರಿಯಿಂದ ನನಗೆ ಫೋನ್. "ಅವಳ ರಿಂಗ್ ಬರಲಿಲ್ಲ ಕಣೇ. ಮಾಡಿದರೆ ಎತ್ತುತ್ತಿಲ್ಲ." ನಂಜನಗೂಡು ಕುವೆಂಪುನಗರದಲ್ಲಿ ಒಬ್ಬಳೇ ಇರುತ್ತಾಳೆ, ಮಗ ಪುಣೆಯಲ್ಲಿ. ಅವಳ ಮನೆಯ ಇನ್ನೊಂದು ಬೀಗದ ಕೈ ನನ್ನ ಹತ್ತಿರ ಇತ್ತು. ಸರಸ್ವತಿಪುರಂನಿಂದ ಆಟೋ ಹಿಡಿದು ಹೋದೆ. ಪುಣ್ಯಕ್ಕೆ ಒಳಗಿನಿಂದ ಚಿಲಕ ಹಾಕಿರಲಿಲ್ಲ, ಡೋರ್‌ಲಾಕ್ ಮಾತ್ರ.

ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮೈಯೆಲ್ಲ ಬೆವರು. ಸೀರೆ ಉಟ್ಟಾಗಿತ್ತು, ಕಾಲಿಗೆ ಒಂದು ಕಾಲುಚೀಲ ಹಾಕಿಕೊಂಡಿದ್ದಳು, ಇನ್ನೊಂದು ಕೈಯಲ್ಲೇ ಇತ್ತು. ನನ್ನನ್ನು ನೋಡಿದಳು, ಆದರೆ ಮಾತು ತೊದಲುತ್ತಿತ್ತು. ಅವಳ ಶುಗರ್ ನೋಡುವ ಮಿಷನ್ ಫ್ರಿಜ್ ಮೇಲೆ ಇತ್ತು. ಬೆರಳು ಚುಚ್ಚಿ ನೋಡಿದೆ: 52. 70ಕ್ಕಿಂತ ಕೆಳಗೆ ಹೋದರೇ ತಡ ಮಾಡಬಾರದು. ಪ್ರಜ್ಞೆ ಇತ್ತು, ನುಂಗುತ್ತಿದ್ದಳು. ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಸ್ವಲ್ಪಸ್ವಲ್ಪವಾಗಿ ಕುಡಿಸಿದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದೆ, 80 ದಾಟಿತ್ತು. ಆಮೇಲೆ ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ. ಹಿಂದಿನ ರಾತ್ರಿ ಹಸಿವಿಲ್ಲ ಅಂತ ಊಟ ಬಿಟ್ಟು ಮಾತ್ರೆ ಮಾತ್ರ ನುಂಗಿದ್ದಳು. ನನ್ನ ಕೈ ನಡುಗಿದ್ದು ಎಲ್ಲ ಮುಗಿದು ಆಸ್ಪತ್ರೆಯ ಕುರ್ಚಿಯಲ್ಲಿ ಕೂತಾಗ.

ಈಗ ಎಲ್ಲರ ಮನೆಯ ಬೀಗದ ಕೈ ಇನ್ನೊಬ್ಬರ ಹತ್ತಿರ ಇದೆ. ರಾತ್ರಿ ಒಳಚಿಲಕ ಹಾಕುವುದಿಲ್ಲ. ಎಲ್ಲರ ಪರ್ಸಿನಲ್ಲೂ ಕಲ್ಲುಸಕ್ಕರೆ ಪೊಟ್ಟಣ ಇರುತ್ತದೆ, ಶುಗರ್ ಇಲ್ಲದವರ ಪರ್ಸಿನಲ್ಲೂ. ಮಿಸ್ಡ್ ಕಾಲ್ ಈಗ ಗುರುವಾರಕ್ಕೆ ಮಾತ್ರವಲ್ಲ, ದಿನಾ ಐದೂವರೆಗೆ.

ಹಾಸನ 2023ರಲ್ಲಿ ಮಗನ ಜೊತೆ ಮೆಲ್ಬರ್ನ್‌ಗೆ ಹೋದಳು. ಹೋಗುವ ಮುಂಚಿನ ಗುರುವಾರ ಪೂರ್ತಿ ಸುತ್ತು ನಡೆದೆವು. ಬೆಂಚು ಬಂದಾಗಲೆಲ್ಲ ಅವಳು ಅದನ್ನು ಮುಟ್ಟಿ ಹೋಗುತ್ತಿದ್ದಳು. ಈಗ ನಾವು ಏರಿಯ ಕೊನೆಯ ಬೆಂಚಿಗೆ ಬರುವ ಹೊತ್ತಿಗೆ, ಆರೂಮುಕ್ಕಾಲಿಗೆ ಸರಿಯಾಗಿ ಫೋನ್ ಮಾಡುತ್ತಾಳೆ. ಅವಳಿಗೆ ಆಗ ಹನ್ನೊಂದೂಕಾಲು. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಆಗ ಹನ್ನೆರಡೂಕಾಲು. ಅವಳೂ ಅಲ್ಲಿ ಯಾವುದೋ ಪಾರ್ಕಿನಲ್ಲಿ ನಡೆಯುತ್ತಾ ಇರುತ್ತಾಳೆ. ಹಿಂದೆ ಫಾರಿನ್ ಕಾಲ್ ಅಂದರೆ ಬುಕ್ ಮಾಡಿ ಬಾಂಬೆಯ ಲೈನಿಗೆ ಗಂಟೆಗಟ್ಟಲೆ ಕಾಯುತ್ತಿದ್ದೆವು.

ಸ್ಪೀಕರ್ ಹಾಕಿದರೆ ಅಕ್ಕನಿಗೆ ಬಯಲಿನಲ್ಲಿ ಏನೂ ಕೇಳಿಸುವುದಿಲ್ಲ. ಮೊದಲ ಕೆಲವು ವಾರ ಸುಮ್ಮನೆ ನಮ್ಮ ಮುಖ ನೋಡುತ್ತಾ ಕೂತಿರುತ್ತಿದ್ದರು. ಆಮೇಲೆ ನನಗೆ ಹಳೆಯದು ನೆನಪಾಯಿತು. ಲೈನ್ ಡಲ್ ಇದ್ದಾಗ ಒಂದು ಕಡೆಯವರ ಮಾತು ಇನ್ನೊಂದು ಕಡೆಗೆ ಕೇಳುತ್ತಿರಲಿಲ್ಲ. ಆದರೆ ನಡುವೆ ಇರುವ ನಮಗೆ ಎರಡೂ ಕೇಳುತ್ತಿತ್ತು. ಆಗ ನಾವೇ ಹೇಳುತ್ತಿದ್ದೆವು. "ಅಮ್ಮನಿಗೆ ಹುಷಾರಾಗಿದೆಯಂತೆ ಸರ್." "ಭಾನುವಾರ ಬರ್ತಾರಂತೆ ಮೇಡಂ." ಹಾಗೆಯೇ ಈಗ ಫೋನು ನನ್ನ ಎಡಗಿವಿಗೆ ಹಿಡಿದು, ಬಾಯಿ ಅಕ್ಕನ ಬಲಗಿವಿಯ ಹತ್ತಿರ ಇಟ್ಟು ಹೇಳುತ್ತೇನೆ.

ಹೋದ ವಾರವೂ ಹಾಗೇ.

"ಹೆಜ್ಜಾರ್ಲೆ ಮರಿ ಮಾಡಿವೆಯಾ ಅಂತ ಕೇಳ್ತಿದಾಳೆ ಅಕ್ಕ."

"ಮಾಡಿವೆ ಅನ್ನು. ಬಲಗಡೆ ಮರದಲ್ಲಿ ಎರಡು."

"ಎರಡು ಮರಿ ಅಂತೆ ಕಣೇ. ಅಕ್ಕ, ನಿಮ್ಮ ಕಾಲುನೋವು ಹೇಗಿದೆ ಅಂತೆ."

"ಅದನ್ನೆಲ್ಲ ಬಿಡು ಅನ್ನು. ಅಲ್ಲಿ ಚಳಿಗೆ ಸ್ವೆಟರ್ ಹಾಕ್ಕೊಂಡಿದಾಳಾ ಕೇಳು."

ಕೇಳಿದೆ. ಹಾಕಿಕೊಂಡಿದ್ದಳು, ಅಕ್ಕ ಹೆಣೆದುಕೊಟ್ಟಿದ್ದ ನೀಲಿ ಸ್ವೆಟರನ್ನೇ. ಅದನ್ನೂ ಹೇಳಿದೆ. ಅಕ್ಕ ತಲೆ ಆಡಿಸಿ ಕೆರೆಯ ಕಡೆ ನೋಡುತ್ತಾ ಕೂತರು.

ಪಕ್ಕದಿಂದ ಮಡಿಕೇರಿ ಬಗ್ಗಿ, ಹಳೆಯ ದನಿಯಲ್ಲೇ, "ಮೂರು ನಿಮಿಷ ಆಯ್ತು" ಅಂದಳು.

ಅಕ್ಕನಿಗೆ ಅದು ಕೇಳಿಸಿರಲಾರದು. ತುಟಿ ನೋಡಿಯೇ ಗೊತ್ತಾಗಿರಬೇಕು. ನನ್ನ ಕೈ ಮೇಲೆ ಕೈ ಇಟ್ಟು, "ಎಕ್ಸ್‌ಟೆಂಡ್ ಮಾಡೇ" ಅಂದರು.