ಹಲಗೆಯ ಅಡಿಯಲ್ಲೊಂದು ಚಿತ್ರಲೋಕ

ಸ್ಯಾನ್ ಹೊಸೆಯ ನಮ್ಮ ಮನೆಯಿಂದ ಹೈವೇ 17 ಹಿಡಿದು ಗುಡ್ಡ ಹತ್ತಿ ಇಳಿದರೆ ಸ್ಯಾಂಟಾ ಕ್ರೂಜ್‌ನ ಕಡಲು. ಕಳೆದ ವರ್ಷ ಮಗಳ ಹುಟ್ಟುಹಬ್ಬಕ್ಕೆ ಸ್ಕೇಟ್‌ಬೋರ್ಡ್ ಕೊಡಿಸಲೆಂದು ಅಲ್ಲಿನ ಒಂದು ಅಂಗಡಿಗೆ ಹೋಗಿದ್ದೆವು. ನೆಲದಿಂದ ಸೂರಿನವರೆಗೆ ಗೋಡೆ ತುಂಬ ಹಲಗೆಗಳು. ಇನ್ನೂ ಗಾಲಿ ಹಾಕಿರಲಿಲ್ಲ, ಎಲ್ಲದರ ಅಡಿಭಾಗವೂ ನಮ್ಮ ಕಡೆಗಿತ್ತು. ತಲೆಬುರುಡೆ, ಡ್ರ್ಯಾಗನ್, ಹಾವು, ಅಂಗೈಯಲ್ಲೇ ಬಾಯಿ ಮೂಡಿ ಚೀರುತ್ತಿರುವ ಒಂದು ನೀಲಿ ಕೈ. ಮಗಳು ಐದು ನಿಮಿಷದಲ್ಲಿ ತನಗೆ ಬೇಕಾದ್ದನ್ನು ಆರಿಸಿಕೊಂಡಳು. ನಾನು ಮುಕ್ಕಾಲು ಗಂಟೆ ಆ ಗೋಡೆಯ ಮುಂದಿನಿಂದ ಕದಲಲಿಲ್ಲ. ಅವತ್ತು ಹಿಡಿದ ಗುಂಗು ಇನ್ನೂ ಬಿಟ್ಟಿಲ್ಲ.

ಆ ನೀಲಿ ಕೈಯನ್ನು ಬರೆದವರು ಸ್ಯಾಂಟಾ ಕ್ರೂಜ್‌ನ ಕಲಾವಿದ ಜಿಮ್ ಫಿಲಿಪ್ಸ್, 1985ರಲ್ಲಿ. ಊರಿನ ಹೆಸರನ್ನೇ ಹೊತ್ತ ಸ್ಕೇಟ್‌ಬೋರ್ಡ್ ಕಂಪನಿಯ ಗಾಲಿಗಳಿಗೆಂದು ಹುಟ್ಟಿದ ಚಿತ್ರ ಅದು. ಮಣಿಕಟ್ಟಿನಲ್ಲಿ ತುಂಡಾದ ಕೈ, ಸೆಟೆದ ಬೆರಳುಗಳು, ಹೊರಚಾಚಿದ ನಾಲಿಗೆ. ಹತ್ತಿರ ಹೋಗಿ ನೋಡಿದೆ, ಗೆರೆ ಎಲ್ಲೂ ತಡವರಿಸಿಲ್ಲ. ಬೆರಳ ಗೆಣ್ಣಿನ ಸುಕ್ಕುಗಳು ದಪ್ಪಗೆ ಶುರುವಾಗಿ, ಕೂದಲೆಳೆಯಷ್ಟು ಸಣ್ಣಗಾಗಿ ನಿಲ್ಲುತ್ತವೆ. ಇದೇ ಫಿಲಿಪ್ಸ್ ರಾಬ್ ರಾಸ್ಕಾಪ್ ಎಂಬ ಸ್ಕೇಟರ್‌ಗೆ ಒಂದು ಸರಣಿಯನ್ನೇ ಬರೆದುಕೊಟ್ಟರು. ಮೊದಲ ಹಲಗೆಯಲ್ಲಿ ಗುರಿಹಲಗೆಯನ್ನು ಸೀಳಿಕೊಂಡು ಹೊರಬಂದ ಒಂದು ಕೈ ಮಾತ್ರ ಇದೆ. ಆಮೇಲಿನ ಹಲಗೆಗಳಲ್ಲಿ ಸ್ವಲ್ಪ ಸ್ವಲ್ಪವೇ ಹೊರಬಂದು ಕೊನೆಗೆ ಇಡೀ ರಾಕ್ಷಸ ಎದುರು ನಿಲ್ಲುತ್ತಾನೆ. ಹಳೆಯ ಹಲಗೆ ಸವೆದು ಹೊಸದನ್ನು ಕೊಂಡ ಹುಡುಗನಿಗೆ ಕಥೆಯ ಮುಂದಿನ ಕಂತು ಸಿಕ್ಕಂತೆ. ಹಲಗೆ ಸವೆದೇ ಸವೆಯುತ್ತದೆ ಎಂಬುದನ್ನೇ ಕಥೆ ಹೇಳುವ ದಾರಿ ಮಾಡಿಕೊಂಡದ್ದು ನನಗೆ ಬಹಳ ಹಿಡಿಸಿತು.

ಅಷ್ಟು ಶ್ರಮದ ಚಿತ್ರವನ್ನು ಅಡಿಗೇಕೆ ಹಾಕುತ್ತಾರೆ? ಕಾಲಿಡುವ ಮೇಲ್ಭಾಗಕ್ಕೆ ಉಪ್ಪುಕಾಗದದಂಥ ಗ್ರಿಪ್ ಟೇಪ್ ಅಂಟಿಸುತ್ತಾರಾದ್ದರಿಂದ ಅಲ್ಲಿ ಜಾಗವಿಲ್ಲ ಎನ್ನುವುದು ಅರ್ಧ ಉತ್ತರ. ಉಳಿದರ್ಧಕ್ಕೆ ಕ್ಯಾಲಿಫೋರ್ನಿಯಾದ 1976–77ರ ಬರಗಾಲಕ್ಕೆ ಹೋಗಬೇಕು. ನೀರಿಗೆ ತತ್ವಾರವಾಗಿ ಮನೆಗಳ ಹಿತ್ತಲಿನ ಈಜುಕೊಳಗಳು ಬರಿದಾಗಿದ್ದವು. ಲಾಸ್ ಏಂಜಲೀಸ್ ಕಡೆಯ ಹುಡುಗರು ಕದ್ದುಮುಚ್ಚಿ ಒಳಗೆ ಇಳಿದು, ಆ ಬಟ್ಟಲಿನಂಥ ಗೋಡೆಗಳ ಮೇಲೆ ಹಲಗೆ ಓಡಿಸಿ, ಅಂಚು ದಾಟಿ ಗಾಳಿಗೆ ಹಾರತೊಡಗಿದರು. ಕೆಳಗೆ ನಿಂತು ಫೋಟೋ ತೆಗೆಯುವವನಿಗೆ ಕಾಣುವುದು ಹಲಗೆಯ ಅಡಿ. ಪತ್ರಿಕೆಗಳಲ್ಲಿ ಅಂಥ ಫೋಟೋಗಳು ಬಂದಂತೆಲ್ಲ ಅಡಿಭಾಗವೇ ಮುಖವಾಯಿತು. ಹಲಗೆಗಳೂ ಹತ್ತು ಇಂಚಿನವರೆಗೆ ಅಗಲವಾಗಿ, ಚಿತ್ರಕ್ಕೆ ಜಾಗ ಸಿಕ್ಕಿತು. ಆ ಗುಂಪಿನವರೇ ಆದ ವೆಸ್ ಹಂಪ್‌ಸ್ಟನ್ ಗೆಳೆಯರ ಹಲಗೆಗಳ ಮೇಲೆ ಕೈಯಲ್ಲೇ ಚಿತ್ರ ಬರೆದುಕೊಡುತ್ತಿದ್ದರು. ತಮ್ಮ ಬಡಾವಣೆಯ ಅಡ್ಡಹೆಸರಾದ ಡಾಗ್‌ಟೌನ್ ಹೊತ್ತ ಅವರ ಶಿಲುಬೆಯ ಚಿತ್ರ ಇವತ್ತಿಗೂ ಅಂಗಡಿಗಳಲ್ಲಿದೆ.

ಜಾರ್ಜ್ ಪವೆಲ್ ಮತ್ತು ಸ್ಟೇಸಿ ಪೆರಾಲ್ಟಾ 1978ರಲ್ಲಿ ಕಟ್ಟಿದ ಕಂಪನಿಗೆ ವರ್ನನ್ ಕೋರ್ಟ್‌ಲ್ಯಾಂಡ್ ಜಾನ್ಸನ್ ಬರೆದ ಬುರುಡೆಗಳದ್ದು ಬೇರೆಯೇ ದಾರಿ. ಫಿಲಿಪ್ಸ್ ಅವರದು ಕಿರುಚುವ ಬಣ್ಣವಾದರೆ, ಜಾನ್ಸನ್ ಅವರದು ಹಳೆಯ ತಾಮ್ರಪಟದ ಅಚ್ಚಿನಂಥ ಸೂಕ್ಷ್ಮ ಗೆರೆ. ಹೆಸರಾಂತ ಸ್ಕೇಟರ್ ಟೋನಿ ಹಾಕ್‌ಗೆ ಅವರು ಬರೆದದ್ದು ಗಿಡುಗದ ಬುರುಡೆ. ಹಾಕ್ ಎಂದರೆ ಗಿಡುಗ ತಾನೆ. ತನ್ನ ಹೆಸರಿನ ಹಲಗೆ ಎಷ್ಟು ಮಾರಾಟವಾದರೆ ಅಷ್ಟು ಪಾಲು ಆಟಗಾರನಿಗೆ ಸಲ್ಲುತ್ತದೆ. ಹಾಗಾಗಿ ಚಿತ್ರ ಅವನ ಸಹಿಯೂ ಹೌದು, ಅನ್ನವೂ ಹೌದು.

ತೊಂಬತ್ತರ ದಶಕದಲ್ಲಿ ಆಟ ಕೊಳಗಳಿಂದ ಬೀದಿಗೆ ಬಂತು. ಮೆಟ್ಟಿಲು, ಕಟ್ಟೆ, ಕಬ್ಬಿಣದ ಕಂಬಿಗಳ ಮೇಲಿನ ಆಟಕ್ಕೆ ಹಗುರ ಹಲಗೆ ಬೇಕು. ಅಗಲ ಎಂಟು ಇಂಚಿನ ಆಸುಪಾಸಿಗೆ ಇಳಿದು, ಎರಡು ತುದಿಯೂ ಒಂದೇ ಥರ ದುಂಡಗಾದವು. ಕಲಾವಿದರಿಗೆ ಉಳಿದದ್ದು ಉದ್ದನೆಯ ಒಂದು ಪಟ್ಟಿ. ಅದರಲ್ಲೂ ಗಾಲಿಯ ಅಚ್ಚನ್ನು ಹಿಡಿದಿಡುವ ಟ್ರಕ್ ಎಂಬ ಲೋಹದ ತುಂಡು ಎರಡು ಕಡೆ ಕೂತು ಅಷ್ಟಷ್ಟು ಚಿತ್ರವನ್ನು ನುಂಗುತ್ತದೆ. ಮುಖ್ಯವಾದದ್ದು ಎರಡು ಟ್ರಕ್‌ಗಳ ನಡುವೆ ಬರಬೇಕು, ಆದರೆ ಕಂಬಿಯ ಮೇಲೆ ಜಾರುವಾಗ ಮೊದಲು ಉಜ್ಜಿಹೋಗುವುದೂ ಅದೇ ನಡುಭಾಗ. ಅಂಥ ಜಾಗಕ್ಕೆ ತನ್ನ ಅತ್ಯುತ್ತಮ ಗೆರೆಗಳನ್ನು ಕೊಡುವವರ ಮನಸ್ಸು ಎಂಥದ್ದು ಎಂದು ಆಗಾಗ ಯೋಚಿಸುತ್ತೇನೆ.

ಮುದ್ರಣದ ಬಗ್ಗೆ ಒಂದು ಮಾತು ಹೇಳಲೇಬೇಕು. ಹಲಗೆ ಎಂದರೆ ಏಳು ಪದರ ಮೇಪಲ್ ಮರವನ್ನು ಅಂಟು ಹಾಕಿ ಅಚ್ಚಿನಲ್ಲಿ ಒತ್ತಿ ಬಗ್ಗಿಸಿದ್ದು. ಮೊದಲೆಲ್ಲ ಅದರ ಮೇಲೆ ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತಿದ್ದರು. ಒಂದು ಬಣ್ಣಕ್ಕೆ ಒಂದು ಪರದೆ, ಒಂದು ಆರಿದ ಮೇಲೆ ಇನ್ನೊಂದು, ಅದೂ ಬಾಗಿದ ಮೈಯ ಮೇಲೆ. ಈ ಶತಮಾನ ಶುರುವಾಗುವ ಹೊತ್ತಿಗೆ ಹೀಟ್ ಟ್ರಾನ್ಸ್‌ಫರ್ ಬಂತು. ಪ್ಲಾಸ್ಟಿಕ್ ಹಾಳೆಯ ಮೇಲೆ ಚಿತ್ರವನ್ನು ಉಲ್ಟಾ ಅಚ್ಚು ಹಾಕಿ, ಕಾದ ರೋಲರ್‌ನಿಂದ ಹಲಗೆಗೆ ಒತ್ತಿ, ಹಾಳೆ ಸುಲಿದರೆ ಮುಗಿಯಿತು. ಕೆಲಸ ಬೇಗ, ಫೋಟೋವನ್ನೂ ಹಾಕಬಹುದು. ಆದರೂ ನನ್ನ ಮನಸ್ಸು ಹಳೆಯದರ ಕಡೆಗೇ. ಅಂಗಡಿಯಲ್ಲಿದ್ದ ಒಂದು ಹಳೆಯ ಹಲಗೆಯನ್ನು ಕೇಳಿ ಮುಟ್ಟಿ ನೋಡಿದೆ. ಶಾಯಿ ಬೆರಳಿಗೆ ಸಿಗುತ್ತಿತ್ತು. ಕೆಂಪಿನ ಮೇಲೆ ಕಪ್ಪು ಏರಿದಲ್ಲಿ ಸಣ್ಣ ದಿಬ್ಬ, ಒಂದು ಕಡೆ ಹಳದಿ ತನ್ನ ಗೆರೆಯಿಂದ ಎಳ್ಳಷ್ಟು ಆಚೆ ಸರಿದಿತ್ತು. ಯಾರದೋ ಕೈ ಅಲ್ಲಿತ್ತು.

ಮಗಳು ಆರಿಸಿದ್ದು ಹೆಜ್ಜಾರ್ಲೆಯ ಚಿತ್ರ. ಕಡಲಿಗೆ ತಲೆಕೆಳಗಾಗಿ ಧುಮುಕುತ್ತಿರುವ ಹಕ್ಕಿ. ಹಲಗೆಯ ಮೂತಿಯಲ್ಲಿ ಕೊಕ್ಕು, ನಡುವೆ ಮಡಿಚಿದ ರೆಕ್ಕೆ, ಹಲಗೆಯ ಬಾಲದಲ್ಲಿ ಪುಕ್ಕ. ಅಂಗಡಿಯ ಹುಡುಗ ಮೇಲೆ ಗ್ರಿಪ್ ಟೇಪ್ ಹರಡಿ, ನಡುವಿನಿಂದ ಅಂಚಿನ ಕಡೆಗೆ ಗಾಳಿ ತಳ್ಳುತ್ತ ಅಂಟಿಸಿದ. ಸುತ್ತಲೂ ಅರ ಹಾಕಿ ತಿಕ್ಕಿದಾಗ ಅಂಚಿನುದ್ದಕ್ಕೂ ಬೆಳ್ಳಗೆ ಗೆರೆ ಎದ್ದಿತು. ಆ ಗೆರೆಯ ಮೇಲೆ ಬ್ಲೇಡ್ ಓಡಿಸಿ ಹೆಚ್ಚಿನದನ್ನು ಒಂದೇ ಉಸಿರಿಗೆ ಕತ್ತರಿಸಿದ. ಮನೆಗೆ ಬಂದ ಮೇಲೆ ನಾನು, ಇದನ್ನು ಗೋಡೆಗೆ ಹಾಕೋಣ, ಆಡಲು ಬೇರೆ ಸಾದಾ ಹಲಗೆ ತರೋಣ ಎಂದೆ. "ಬೇಡಪ್ಪ, ಇದು ಓಡಿಸೋಕೆ ಅಂತ ಬರೆದಿರೋದು" ಎಂದಳು. ಮೊದಲ ವಾರವೇ ರೆಕ್ಕೆಗೆ ಅಡ್ಡಲಾಗಿ ಗೀರು ಬಿತ್ತು. ನನಗೆ ನಿಜವಾಗಿ ಸಂಕಟವಾಯಿತು. ಅವಳು ಮಾತ್ರ ಆ ಗೀರನ್ನು ಗೆಳತಿಯರಿಗೆಲ್ಲ ತೋರಿಸಿಕೊಂಡು ಬಂದಳು. ಅವಳು ಮೊದಲ ಬಾರಿ ಬೀಳದೆ ಕಂಬಿಯ ತುದಿ ಮುಟ್ಟಿದ ಗುರುತು ಅದು.

2019ರಲ್ಲಿ ಸದಬೀಸ್ ಹರಾಜು ಸಂಸ್ಥೆ ಸುಪ್ರೀಮ್ ಕಂಪನಿಯ 248 ಹಲಗೆಗಳ ಪೂರ್ತಿ ಸಂಗ್ರಹವನ್ನು 8 ಲಕ್ಷ ಡಾಲರ್‌ಗೆ ಮಾರಿತು. ಹಾಗೆ ಜೋಪಾನ ಮಾಡುವವರು ಇರಬೇಕು, ಇಲ್ಲದಿದ್ದರೆ ನನ್ನಂಥವರಿಗೆ ಹಳೆಯ ಚಿತ್ರಗಳು ನೋಡಲೂ ಸಿಗುತ್ತಿರಲಿಲ್ಲ. ಆದರೆ ಮಗಳ ಹಲಗೆ ನೋಡುತ್ತ ನೋಡುತ್ತ ನನ್ನ ಕಣ್ಣು ಬದಲಾಗಿದೆ. ಈಗ ಪಾರ್ಕಿನಲ್ಲಿ ಯಾರಾದರೂ ಹಲಗೆ ಮಗುಚಿ ಇಟ್ಟಿದ್ದರೆ ಮೊದಲು ಗೀರುಗಳನ್ನು ಓದುತ್ತೇನೆ. ನಡುವೆ ಅಡ್ಡಗೀರಿದ್ದರೆ ಕಂಬಿಯ ಮೇಲೆ ಜಾರಿದವರು. ಬಾಲದ ತುದಿ ಚೂಪಾಗಿ ಸವೆದಿದ್ದರೆ ನೆಲಕ್ಕೆ ಬಡಿದು ಚಿಮ್ಮುವವರು.

ಮೊನ್ನೆ ಅವಳ ಹಲಗೆ ನಡುವಿನಲ್ಲಿ ಬಿರುಕು ಬಿಟ್ಟಿತು. ಗಾಲಿಗಳನ್ನು ಹೊಸದಕ್ಕೆ ಹಾಕಲು ಇಬ್ಬರೂ ಕೂತು ಟ್ರಕ್ ಬಿಚ್ಚಿದೆವು. ಹಕ್ಕಿಯ ರೆಕ್ಕೆ ಪೂರ್ತಿ ಹೋಗಿ ಮರದ ಪದರ ಕಾಣುತ್ತಿತ್ತು, ಕೊಕ್ಕಿನ ಅರ್ಧ ಉಳಿದಿತ್ತು. ಟ್ರಕ್‌ಗಳು ಮುಚ್ಚಿದ್ದ ಎರಡು ಪುಟ್ಟ ಚೌಕಗಳಲ್ಲಿ ಮಾತ್ರ ಬಣ್ಣ ಅಂಗಡಿಯಲ್ಲಿದ್ದ ಹಾಗೇ ಇತ್ತು. ಮುಂದಿನ ಚೌಕದಲ್ಲಿ, ನಾಲ್ಕು ತೂತುಗಳ ನಡುವೆ, ಕೊಕ್ಕಿನಿಂದ ತಪ್ಪಿಸಿಕೊಂಡು ಓಡುತ್ತಿರುವ ಒಂದು ಬೆಳ್ಳಿ ಬಣ್ಣದ ಮೀನು. ಅಂಗಡಿಯಲ್ಲಿ ಮುಕ್ಕಾಲು ಗಂಟೆ ನಿಂತರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.