‘ಆದ್ದರಿಂದ’ ಇಲ್ಲದ ವಾಕ್ಯದಲ್ಲಿ ಕಾರಣ ಹುಡುಕುವುದು: ಓದಿನ ಗುಂಪಿನ ಪ್ರಗತಿ ಟಿಪ್ಪಣಿ

ಜೂನ್ 2025

ಗಂಗಾವತಿ ತಾಲ್ಲೂಕಿನ ನಮ್ಮೂರ ಅರಿವು ಕೇಂದ್ರದಲ್ಲಿ (ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ) ಐದರಿಂದ ಏಳನೇ ತರಗತಿಯ ಮಕ್ಕಳಿಗೆ ಭಾನುವಾರಗಳಂದು ನಡೆಸುವ ಓದಿನ ಗುಂಪಿಗೆ ಈ ವರ್ಷ ಒಂದೇ ಗುರಿಯನ್ನು ಇಟ್ಟುಕೊಂಡಿದ್ದೇನೆ: ಓದಿದ ಬರಹದಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಎಂಬುದನ್ನು ಮಕ್ಕಳು ತಾವಾಗಿಯೇ ಗುರುತಿಸಬೇಕು. ಇವರೆಲ್ಲ ಸರಾಗವಾಗಿ ಓದಬಲ್ಲವರು. ‘ಏನಾಯಿತು’ ಎಂದರೆ ಸರಿಯಾಗಿ ಉತ್ತರಿಸುತ್ತಾರೆ. ‘ಏಕಾಯಿತು’ ಎಂದರೆ ಮಾತ್ರ ಪ್ರಶ್ನೆಯಲ್ಲಿನ ಪದಗಳಿರುವ ಸಾಲನ್ನೇ ಹುಡುಕಿ ಓದಿಬಿಡುತ್ತಾರೆ.

ಮೊದಲಿಗೆ ‘ಏಕೆಂದರೆ’, ‘ಆದ್ದರಿಂದ’, ‘ಹೀಗಾಗಿ’ ಇರುವ ವಾಕ್ಯಗಳನ್ನು ಕೊಟ್ಟು, ಕಾರಣದ ಕೆಳಗೆ ಕೆಂಪು ಗೆರೆಯನ್ನೂ ಪರಿಣಾಮದ ಕೆಳಗೆ ನೀಲಿ ಗೆರೆಯನ್ನೂ ಎಳೆಯಲು ಹೇಳಿದೆ. ‘ಆದ್ದರಿಂದ’ಕ್ಕೆ ಮುಂಚೆ ಕಾರಣ, ‘ಏಕೆಂದರೆ’ಯ ನಂತರ ಕಾರಣ ಎಂಬುದು ತಿಂಗಳು ಮುಗಿಯುವಷ್ಟರಲ್ಲಿ ಎಲ್ಲರಿಗೂ ರೂಢಿಯಾಯಿತು.

ಜುಲೈ

ನಿಜವಾದ ಕೆಲಸ ಈ ತಿಂಗಳು ಆರಂಭವಾಯಿತು. ಕಥೆಯಾಗಲಿ, ಪತ್ರಿಕೆಯ ವರದಿಯಾಗಲಿ, ಕನ್ನಡದಲ್ಲಿ ಕಾರಣವು ಬಹುಪಾಲು ಕ್ರಿಯಾಪದದ ರೂಪದಲ್ಲಿಯೇ ಅಡಗಿರುತ್ತದೆ. ‘ಮಳೆ ಸುರಿದು ಹಳ್ಳ ತುಂಬಿತು’, ‘ಹುಡುಗನು ಊಟ ಮಾಡಿ ಶಾಲೆಗೆ ಹೋದನು’ ಎಂಬ ಎರಡು ವಾಕ್ಯಗಳ ಕಟ್ಟು ಒಂದೇ ಆದರೂ, ಮೊದಲನೆಯದರಲ್ಲಿ ಕಾರಣವಿದೆ, ಎರಡನೆಯದರಲ್ಲಿ ಬರೀ ಹಿಂದುಮುಂದಿನ ಕ್ರಮವಿದೆ. ಗೆರೆ ಎಳೆಯಲು ಗುರುತಿನ ಪದವೇ ಇಲ್ಲದಾಗ ಮಕ್ಕಳು ಎರಡಕ್ಕೂ ಕೆಂಪು, ನೀಲಿ ಹಚ್ಚಿದರು.

ಆಗ ಪದ ಹುಡುಕುವುದನ್ನು ಬಿಡಿಸಿ ಒಂದು ಪ್ರಶ್ನೆಯನ್ನು ಕೊಟ್ಟೆ: ಮೊದಲನೆಯದು ನಡೆಯದೇ ಇದ್ದಿದ್ದರೆ ಎರಡನೆಯದು ನಡೆಯುತ್ತಿತ್ತೇ? ಏಳನೇ ತರಗತಿಯ ಹುಡುಗಿಯೊಬ್ಬಳು ತಕ್ಷಣ, “ಉಂಡಿಲ್ಲಂದ್ರೂ ಸಾಲಿಗೆ ಹೊಕ್ಕಾನ್ರಿ ಅಕ್ಕೋರ, ಮಳಿ ಬರಲಿಲ್ಲಂದ್ರ ಹಳ್ಳ ಹ್ಯಾಂಗ ತುಂಬತೈತಿ?” ಎಂದಳು. ಪಕ್ಕದಲ್ಲಿದ್ದ ಹುಡುಗನು ಒಪ್ಪಲಿಲ್ಲ. ನಮ್ಮಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ತುಂಬಿ ಬರುತ್ತದೆಯಲ್ಲ ಎಂದು ವಾದಿಸಿದನು. ಅವನ ಮಾತು ಹೊಳೆಯ ಮಟ್ಟಿಗೆ ಸರಿ. ತುಂಗೆ, ಭದ್ರೆ ಎರಡೂ ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಕೂಡ್ಲಿಯಲ್ಲಿ ಸೇರಿ ತುಂಗಭದ್ರೆಯಾಗಿ ಇತ್ತ ಬರುವುದರಿಂದ, ನಮ್ಮ ಹೊಳೆಗೆ ಮಲೆನಾಡಿನ ಮಳೆಯೇ ಮುಖ್ಯ. ಈ ಪ್ರಶ್ನೆಗೆ ಬರಹದ ಆಚೆಗಿನ ತಿಳಿವಳಿಕೆಯೂ ಬೇಕು ಎಂಬುದು ಅಂದಿನ ಚರ್ಚೆಯಿಂದ ಎಲ್ಲರಿಗೂ ಸ್ಪಷ್ಟವಾಯಿತು. ಓದನ್ನೂ ಊರಿನ ಅನುಭವವನ್ನೂ ಒಟ್ಟಿಗೆ ತರುವ ಇಂತಹ ವಾದಗಳಿಗೆ ಎಷ್ಟು ಸಮಯ ಹೋದರೂ ನಾನು ತಡೆಯುವುದಿಲ್ಲ.

ಆಗಸ್ಟ್

ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋದ ಘಟನೆಯನ್ನು ಈ ತಿಂಗಳ ಪಾಠವಾಗಿ ಬರೆದೆ. ಉದ್ದೇಶಪೂರ್ವಕವಾಗಿ ಒಂದು ‘ಆದ್ದರಿಂದ’ವನ್ನೂ ಬಳಸಲಿಲ್ಲ:

‘ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ನೀರು ರಭಸದಿಂದ ನದಿಗೆ ನುಗ್ಗಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದರು. ಭತ್ತ ನಾಟಿ ಮಾಡಿದ ರೈತರು ಆತಂಕಗೊಂಡರು. ಒಂದು ವಾರದೊಳಗೆ ಸ್ಟಾಪ್ ಲಾಗ್ (ನೀರು ತಡೆಯುವ ತಾತ್ಕಾಲಿಕ ಹಲಗೆ) ಅಳವಡಿಸಿದರು.’

ಪ್ರತಿ ವಾಕ್ಯವನ್ನು ಒಂದೊಂದು ಚೀಟಿಯಲ್ಲಿ ಬರೆದು ನೆಲದ ಮೇಲೆ ಹರಡಿ, ನಡುವೆ ಸೀಮೆಸುಣ್ಣದಿಂದ ಬಾಣ ಎಳೆಯಲು ಹೇಳಿದೆ. ಮೊದಲ ಬಾಣಗಳು ಬೇಗ ಬಿದ್ದವು. ತೊಡಕು ಬಂದದ್ದು ಮೂರನೆಯ ವಾಕ್ಯದಲ್ಲಿ. ಒಡೆದ ಗೇಟಿನಿಂದ ತಾನಾಗಿ ಹರಿದ ನೀರು, ಜನರು ನಿರ್ಧರಿಸಿ ಹೊರಬಿಟ್ಟ ನೀರು, ಇವೆರಡನ್ನೂ ಹಲವರು ಒಂದೇ ಎಂದುಕೊಂಡಿದ್ದರು. ‘ತಗ್ಗಿಸಲು’ ಎನ್ನುವಲ್ಲಿ ಇರುವುದು ಉದ್ದೇಶ. ಅದು ಹೇಳುವ ಸಂಗತಿ ಇನ್ನೂ ಆಗಿರುವುದಿಲ್ಲ, ಆದರೂ ಗೇಟು ತೆರೆದದ್ದಕ್ಕೆ ಅದೇ ಕಾರಣ. ಕಾರಣವು ಯಾವಾಗಲೂ ಮೊದಲೇ ನಡೆದಿರಬೇಕು ಎಂದು ಜುಲೈಯಲ್ಲಿ ಕಲಿತವರಿಗೆ ಇದು ಸುಲಭವಾಗಿ ಒಗ್ಗಲಿಲ್ಲ. ‘ಯಾರು ನಿರ್ಧರಿಸಿದರು, ಏನಾಗಲಿ ಎಂದು ಬಯಸಿದರು’ ಎಂದು ಕೇಳಿಕೊಂಡಾಗ ಏಳನೇ ತರಗತಿಯವರು ಉದ್ದೇಶಕ್ಕೆ ಬೇರೆಯದೇ ಬಾಣ, ಚುಕ್ಕಿ ಗೆರೆಯದು, ಬೇಕೆಂದರು. ಆ ಗುರುತನ್ನು ನಾನು ಉಳಿಸಿಕೊಂಡಿದ್ದೇನೆ.

ಗೇಟುಗಳ ಸುರಕ್ಷತೆಗಾಗಿ ಈ ವರ್ಷ ನೀರಿನ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿರುವ ಸುದ್ದಿಯನ್ನು ಒಬ್ಬನು ಮನೆಯಲ್ಲಿ ಕೇಳಿ ಬಂದು, ಹೊಸ ಚೀಟಿ ಬರೆದು ಕೊನೆಗೆ ಜೋಡಿಸಿದನು. ಒಂದರ ಪರಿಣಾಮವೇ ಮುಂದಿನದಕ್ಕೆ ಕಾರಣವಾಗುತ್ತದೆ ಎಂಬುದನ್ನು ನಾನು ಹೇಳಬೇಕಾಗಿ ಬರಲಿಲ್ಲ.

ಸೆಪ್ಟೆಂಬರ್

ಪರೀಕ್ಷೆಯ ತಯಾರಿಯಿಂದ ಹಾಜರಿ ಕಡಿಮೆ. ಹಳೆಯ ಪಾಠಗಳನ್ನೇ ಮತ್ತೆ ಓದಿದೆವು.

ಅಕ್ಟೋಬರ್

ಒಂದೇ ಪರಿಣಾಮಕ್ಕೆ ಹಲವು ಕಾರಣಗಳಿರುವ ಬರಹಕ್ಕೆ ಈಗ ಬಂದಿದ್ದೇವೆ. ವಿಷಯ, ಎಡದಂಡೆ ಕಾಲುವೆಯ ಕೊನೆಯ ಭಾಗಕ್ಕೆ ನೀರು ಏಕೆ ಸಾಲುವುದಿಲ್ಲ ಎಂಬುದು. ಹೂಳು ತುಂಬಿ ಜಲಾಶಯದ ಸಾಮರ್ಥ್ಯ ಕುಗ್ಗಿದೆ. ಜೊತೆಗೆ, ಕಡಿಮೆ ನೀರಿನ ಬೆಳೆಗಳಿಗೆಂದು ಯೋಜಿಸಿದ್ದ ಮೇಲ್ಭಾಗದ ಜಮೀನುಗಳಲ್ಲಿಯೂ ಭತ್ತ ಬೆಳೆಯುತ್ತಾರೆ. ಐದನೇ ತರಗತಿಯವರು ಒಂದು ಬಾಣ ಎಳೆದು ಮುಗಿಯಿತು ಎನ್ನುತ್ತಾರೆ. ದೊಡ್ಡವರು ಎರಡನ್ನೂ ಗುರುತಿಸುತ್ತಾರೆ, ಆದರೆ ಯಾವುದು ಹೆಚ್ಚು ಎಂದು ಜಗಳವಾಡುತ್ತಾರೆ. ಆ ಜಗಳಕ್ಕೆ ಉತ್ತರ ನಾನು ಕೊಟ್ಟ ಬರಹದಲ್ಲಿ ಇಲ್ಲವೆಂದು ಅವರೇ ಕಂಡುಕೊಂಡದ್ದು ನನಗೆ ಬಹಳ ಸಂತೋಷ ತಂದಿತು.

ಮುಂದಿನ ಬರಹ ಸವಳು ಭೂಮಿಯ, ಅಂದರೆ ಉಪ್ಪಿನಂಶ ಹೆಚ್ಚಿ ಕೆಟ್ಟ ಭೂಮಿಯ ಬಗ್ಗೆ. ಅತಿಯಾದ ನೀರಿನಿಂದಲೂ ಹೆಚ್ಚಾದ ನೀರು ಹೊರಹೋಗುವ ಬಸಿಗಾಲುವೆಯ ಕೊರತೆಯಿಂದಲೂ ಹೊಲ ಸವಳಾಗುವುದನ್ನು ಇಲ್ಲಿನ ಮಕ್ಕಳು ಕಣ್ಣಾರೆ ಕಂಡಿದ್ದಾರೆ. ಚಿಕ್ಕವರಿಗೆ ಈ ಬಾರಿ ಕಾರಣಗಳನ್ನು ತುಂಬಲು ಎರಡು ಖಾಲಿ ಚೌಕಗಳನ್ನು ಮೊದಲೇ ಬರೆದು ಕೊಡಲಿದ್ದೇನೆ; ದೊಡ್ಡವರಿಗೆ ಯಾವ ಚೌಕವೂ ಇರುವುದಿಲ್ಲ.