ಅಮ್ಮನ ಕಾಫಿ ಚೀಲ ಕ್ಲಾಸಿಗೆ ಬಂದ ದಿನ

ಹಾಸನದ ಕಾಲೇಜೊಂದರಲ್ಲಿ ಪ್ರಾಡಕ್ಟ್ ಡಿಸೈನ್ ಪಾಠ ಮಾಡುತ್ತೇನೆ. ಪ್ರಾಜೆಕ್ಟ್ ಶುರುವಾಗುವ ವಾರ ಹುಡುಗರದ್ದು ಒಂದೇ ಪ್ರಶ್ನೆ: "ಮೇಡಂ, ಐಡಿಯಾ ಎಲ್ಲಿಂದ ತರೋದು?" "ಸುತ್ತಮುತ್ತ ನೋಡಿ" ಅಂತ ಬಹಳ ವರ್ಷ ಹೇಳಿದೆ. ಅಷ್ಟು ಹೇಳಿದರೆ ಸಾಲದು ಅಂತ ಗೊತ್ತಾಗಿದ್ದು ಒಂದು ಬ್ಯಾಚನ್ನು ಹಳೇಬೀಡಿಗೆ ಕರೆದುಕೊಂಡು ಹೋದ ಮೇಲೆ.

ಇಡೀ ದಿನ ಹೊಯ್ಸಳೇಶ್ವರ ದೇವಸ್ಥಾನ ಸುತ್ತಿದೆವು. ಎಲ್ಲರ ಫೋನಿನಲ್ಲೂ ನೂರಾರು ಫೋಟೊ. ಮುಂದಿನ ವಾರ ನನ್ನ ಮೇಜಿಗೆ ಬಂದದ್ದು ಆನೆ ಸಾಲು ಅಂಟಿಸಿದ ಟೇಬಲ್ ಲ್ಯಾಂಪು, ಮಕರದ ಚಿತ್ರ ಹೊತ್ತ ನೀರಿನ ಬಾಟಲಿ. ಆನೆ ತೆಗೆದು ನವಿಲು ಅಂಟಿಸಿದ್ದರೂ ಆ ಲ್ಯಾಂಪು ಅದೇ ಲ್ಯಾಂಪು. ಹುಡುಗರನ್ನು ಬೈದು ಪ್ರಯೋಜನವಿರಲಿಲ್ಲ. ಏನನ್ನು ನೋಡಬೇಕು ಅಂತ ನಾನೇ ಹೇಳಿರಲಿಲ್ಲ.

ಮುಂದಿನ ಬ್ಯಾಚಿಗೆ ಮೊದಲ ಒಂದು ಗಂಟೆ ಫೋನ್ ಮುಟ್ಟುವಂತಿಲ್ಲ ಅಂದೆ. ಯಾವುದಾದರೂ ಒಂದನ್ನೇ ಆರಿಸಿ, ಕಣ್ಣಳತೆಯಲ್ಲಿ ಬರೆದು, ಪಕ್ಕದಲ್ಲಿ 'ಇದು ಹೀಗೇಕಿದೆ?' ಅನ್ನುವುದಕ್ಕೆ ಉತ್ತರ ಬರೆಯಬೇಕು. ಒಳಗಿನ ಕಂಬದ ಮುಂದೆ ಕೂತ ಹುಡುಗನೊಬ್ಬ, "ಇದು ನಮ್ಮ ವರ್ಕ್‌ಶಾಪಿನ ಲೇತ್ ಕೆಲಸದ ಥರಾನೇ ಇದೆ ಮೇಡಂ" ಅಂದ. ಸರಿಯಾಗಿಯೇ ಹಿಡಿದಿದ್ದ. ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಲೇತಿನಲ್ಲಿ ಮಾಡುವ ಹಾಗೆಯೇ ತಿರುಗಿಸಿ ಕಡೆದದ್ದಕ್ಕೇ ಕಂಬದ ಮೈತುಂಬ ಆ ಬಳೆಬಳೆಯ ಸುತ್ತು.

ಅದೇ ಬ್ಯಾಚನ್ನು ಸಕಲೇಶಪುರದ ಹತ್ತಿರದ ಮಂಜರಾಬಾದ್ ಕೋಟೆಗೂ ಕರೆದೊಯ್ದೆ. ಟಿಪ್ಪು 1792ರಲ್ಲಿ ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರ ಅದು. ಹಳೇಬೀಡಿನ ದೇವಸ್ಥಾನ ನಿಂತಿರುವ ಜಗತಿ, ಅಂದರೆ ಎತ್ತರದ ಕಟ್ಟೆ, ಅದೂ ನಕ್ಷತ್ರವೇ. ಕೋಟೆಗೆ ಮೂಲೆಗಳು ಬೇಕಾದದ್ದು ಒಂದು ಮೂಲೆಯಲ್ಲಿ ನಿಂತವನಿಗೆ ಪಕ್ಕದ ಗೋಡೆಯ ಬುಡದವರೆಗೂ ಗುರಿ ಸಿಗಲಿ ಅಂತ. ದೇವಸ್ಥಾನದಲ್ಲಿ ಮುರಿಮುರಿಯಾಗಿ ಹೋಗುವ ಗೋಡೆ ಶಿಲ್ಪಕ್ಕೆ ಜಾಗ ಹೆಚ್ಚಿಸುತ್ತದೆ, ಬಿಸಿಲು ನೆರಳಿಗೆ ಆಟ ಕೊಡುತ್ತದೆ. ಒಂದೇ ಜಿಲ್ಲೆಯ ಎರಡು ನಕ್ಷತ್ರಗಳ ನಕ್ಷೆಯನ್ನು ಅಕ್ಕಪಕ್ಕ ಬರೆಸಿದ ಮೇಲೆ ನಾನು ಹೆಚ್ಚು ವಿವರಿಸಬೇಕಾಗಲಿಲ್ಲ.

ನಿಜವಾದ ಫಲ ಕಂಡದ್ದು ಆಮೇಲಿನ ಪ್ರಾಜೆಕ್ಟಿನಲ್ಲಿ. 'ಹೊತ್ತೊಯ್ಯುವ ವಸ್ತು' ಅಂತ ವಿಷಯ ಕೊಟ್ಟಿದ್ದೆ. ಹೆಚ್ಚಿನವರು ಫೋನಿನಲ್ಲಿ ಸಿಕ್ಕ ಬ್ಯಾಗುಗಳನ್ನೇ ತಂದರು. ಸಕಲೇಶಪುರದ ಕಡೆಯ ಹುಡುಗಿಯೊಬ್ಬಳು ಮಾತ್ರ ಕ್ಲಾಸು ಮುಗಿದು ಎಲ್ಲರೂ ಹೋಗುವವರೆಗೆ ಕಾದು, ಕವರಿನಿಂದ ಒಂದು ಹಳೇ ಚೀಲ ತೆಗೆದಳು. "ನಮ್ಮಮ್ಮ ಕಾಫಿ ಕುಯ್ಯಕ್ಕೆ ಸೊಂಟಕ್ಕೆ ಕಟ್ಕೊಳ್ಳೋದು ಮೇಡಂ. ಇದನ್ನ ತೋರಿಸ್ಬೋದಾ?"

ಗೊಬ್ಬರದ ಚೀಲ ಕತ್ತರಿಸಿ ಹೊಲಿದದ್ದು. ಬಾಯಿಯ ಅಂಚಿನೊಳಗೆ ತಂತಿಯ ಬಳೆ. ಒಂದು ಕೈ ರೆಂಬೆ ಬಗ್ಗಿಸಿ ಹಿಡಿದಿರುತ್ತದೆ, ಇನ್ನೊಂದು ಕೈ ಹಣ್ಣು ಬಿಡಿಸುತ್ತದೆ, ಕಣ್ಣು ರೆಂಬೆಯ ಮೇಲೆಯೇ. ಚೀಲದತ್ತ ನೋಡದೆ ಹಾಕಬೇಕಾದ್ದರಿಂದ ಬಾಯಿ ಯಾವಾಗಲೂ ತೆರೆದೇ ಇರಬೇಕು. ಕಟ್ಟಿದ್ದು ಜೀರುಗುಣಿಕೆ. ಚೀಲ ತುಂಬಿ ಭಾರವಾದಾಗ ತುದಿ ಹಿಡಿದು ಒಮ್ಮೆ ಎಳೆದರೆ ಬಿಚ್ಚಿಕೊಳ್ಳುತ್ತದೆ. ಆ ಗಂಟನ್ನು ನಾನೂ ನಾಲ್ಕು ಸಲ ಕಟ್ಟಿ ಬಿಚ್ಚಿ ನೋಡಿದೆ.

ಎರಡೂ ಕೈಗೆ ಕೆಲಸ, ಕಣ್ಣು ಬೇರೆಡೆ, ಹೀಗೆ ದುಡಿಯುವವರು ಇನ್ಯಾರಿದ್ದಾರೆ ಅಂತ ಹುಡುಕುವಂತೆ ಹೇಳಿದೆ. ಅವಳು ಏಣಿ ಹತ್ತಿ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್ ಒಬ್ಬರ ಹಿಂದೆ ಎರಡು ದಿನ ಓಡಾಡಿದಳು. ಮೊದಲ ಮಾದರಿ ಸೋತಿತು. ಮುಂದೆ ಕಟ್ಟಿದ ಚೀಲ ಏಣಿಯ ಮೆಟ್ಟಿಲಿಗೆ ತಾಗುತ್ತಿತ್ತು. ಎರಡನೆಯದನ್ನು ಬಲ ಸೊಂಟಕ್ಕೆ ಸರಿಸಿ, ಸ್ಕ್ರೂಡ್ರೈವರ್ ನೆಟ್ಟಗೆ ನಿಲ್ಲಲು ಒಳಗೆ ಅರೆ ಮಾಡಿದಳು. ಬಾಯಿಯ ತಂತಿಯ ಬಳೆ, ಜೀರುಗುಣಿಕೆ ಹಾಗೇ ಉಳಿದವು. ಪ್ರದರ್ಶನದ ಹಾಳೆಯಲ್ಲಿ ಮೂಲ ಯಾವುದು ಅನ್ನುವ ಕಡೆ ಅಮ್ಮನ ಹೆಸರು ಬರೆಯಲು ಅವಳು ಹಿಂಜರಿದಳು. ಪಟ್ಟುಹಿಡಿದು ಬರೆಸಿದೆ. ಚೀಲದ ಚಿತ್ರ, ಅಳತೆಯೂ ಅದರ ಕೆಳಗೇ ಬಂತು.

ಅವತ್ತು ಅಮ್ಮನೂ ಬಂದಿದ್ದರು. ಮಗಳ ಚೀಲವನ್ನು ಸೊಂಟಕ್ಕೆ ಕಟ್ಟಿ, ಎರಡು ಹೆಜ್ಜೆ ನಡೆದು, ನನ್ನ ಕಡೆ ತಿರುಗಿದರು. "ಚೆನ್ನಾಗೈತೆ ಮೇಡಂ. ಆದ್ರೆ ನಮಗಾಗಲ್ಲ. ಪಕ್ಕದಲ್ಲಿದ್ರೆ ಗಿಡದ ಸಂದೀಲಿ ಸಿಕ್ಕಾಕ್ಕೊಳತ್ತೆ, ನಮ್ಗೆ ಮುಂದೇನೇ ಸರಿ." ಮಗಳು ಆಗಲೇ ನೋಟ್‌ಬುಕ್ ತೆಗೆದಿದ್ದಳು.